ನಾಲ್ಕನೇ ಕ್ಲಾಸಿನ ಮಗಳಿಗೆ ಕ್ರಾಪ್ ಟಾಪೇ ಬೇಕಂತೆ

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು. ನನ್ನ ಫೋನಿನಲ್ಲಿ ಅವಳ ವಯಸ್ಸಿನ ಮಕ್ಕಳ ಫ್ಯಾಷನ್ ರೀಲ್ಸ್ ನೋಡುತ್ತಿರುತ್ತಾಳೆ. ಹುಟ್ಟುಹಬ್ಬಕ್ಕೆ ಹೊಟ್ಟೆ ಕಾಣುವ ಕ್ರಾಪ್ ಟಾಪು, ಬಿಗಿಯಾದ ಸ್ಕರ್ಟು ಬೇಕು ಅಂತ ಹಠ ಹಿಡಿದಳು. ಅವಳ ಅಳು ನೋಡಲಾಗದೆ ಆನ್‌ಲೈನಲ್ಲಿ ತರಿಸಿದೆ. ಹಾಕಿಕೊಂಡು ಹಾಲಿಗೆ ಬಂದಳೋ ಇಲ್ಲವೋ, ನಮ್ಮತ್ತೆ "ಇದೇನೇ ಅವತಾರ, ಗಂಡಸರು ಓಡಾಡೋ ಮನೆ ಇದು, ನಾಚಿಕೆ ಆಗಲ್ವಾ?" ಅಂದುಬಿಟ್ಟರು. ಅವತ್ತಿನಿಂದ ಬಿಸಿಲಲ್ಲೂ ಫ್ರಾಕಿನ ಮೇಲೆ ಸ್ವೆಟರ್ ಹಾಕುತ್ತಾಳೆ. "ನನ್ನ ಹೊಟ್ಟೆ ಕೆಟ್ಟದಾಗಿದ್ಯಾ ಅಮ್ಮಾ?" ಅಂತ ಕೇಳಿದಳು. ನಮ್ಮನೆಯವರು "ಈಗ ಎಲ್ಲ ಮಕ್ಕಳೂ ಹಾಕ್ತಾರೆ ಬಿಡು" ಅನ್ನುತ್ತಾರೆ. ನನಗೂ ಆ ಬಟ್ಟೆ ಹಿಡಿಸಲಿಲ್ಲ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ. ಈಗ ಸ್ಕೂಲ್ ಡೇ ಡ್ಯಾನ್ಸಿಗೂ ಅಂಥದ್ದೇ ಡ್ರೆಸ್ ಹೇಳಿದ್ದಾರೆ. ನಾನು ಹಳೇ ಕಾಲದವಳಾ? ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಆ ಸ್ವೆಟರ್ ವಿಷಯ.

ದಾವಣಗೆರೆಯ ಬಿಸಿಲಲ್ಲಿ ಮಗು ಸ್ವೆಟರ್ ಬಿಡುತ್ತಿಲ್ಲ ಅಂದರೆ, ಅಜ್ಜಿ ಬೈದಿದ್ದು ಬಟ್ಟೆಗೆ ಅಂತ ಅವಳಿಗೆ ಅನ್ನಿಸಿಲ್ಲ. ತನ್ನ ಮೈಗೇ ಬೈದರು ಅನ್ನಿಸಿದೆ. "ಈ ಬಟ್ಟೆ ಸರಿಯಿಲ್ಲ" ಅನ್ನುವುದನ್ನೂ "ನೀನು ಸರಿಯಿಲ್ಲ" ಅನ್ನುವುದನ್ನೂ ಬೇರೆ ಮಾಡಿಕೊಳ್ಳುವುದು ಈ ವಯಸ್ಸಿಗೆ ಕಷ್ಟ. ದೊಡ್ಡವರೇ ಬಿಡಿಸಿ ಹೇಳಬೇಕು. ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿ: "ನಿನ್ನ ಹೊಟ್ಟೆ ಚೆನ್ನಾಗಿದೆ ಕಂದಾ. ನೀನು ಯಾವ ತಪ್ಪೂ ಮಾಡಿಲ್ಲ. ಆ ಬಟ್ಟೆ ತರಿಸಿದ್ದು ಅಮ್ಮ. ಅದು ದೊಡ್ಡವರ ಡಿಸೈನು, ಆಟ ಆಡೋ ಮಕ್ಕಳಿಗೆ ಆಗಿಬರಲ್ಲ." ಒಂದು ಸಲ ಹೇಳಿದರೆ ಸಾಲದು. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ ಮತ್ತೆ ಮತ್ತೆ ಹೇಳಿ. ಸ್ವೆಟರ್ ಬಿಚ್ಚು ಅಂತ ಬಲವಂತ ಮಾತ್ರ ಬೇಡ.

ಹಾಗೇ ಇನ್ನೊಂದು ಮಾತನ್ನು ಮೆತ್ತಗೆ ಕೇಳಿ. ಅಜ್ಜಿಯಲ್ಲದೆ ಬೇರೆ ಯಾರಾದರೂ ಏನಾದರೂ ಅಂದರಾ, ಮುಟ್ಟಿದರಾ ಅಂತ. ನಿಮ್ಮ ಪತ್ರ ಓದಿದರೆ ಕಾರಣ ಅಜ್ಜಿಯ ಮಾತೇ ಅನ್ನಿಸುತ್ತದೆ. ಆದರೂ ಮಗು ಇದ್ದಕ್ಕಿದ್ದಂತೆ ಮೈ ಮುಚ್ಚಿಕೊಳ್ಳಲು ಶುರು ಮಾಡಿದಾಗ ಕೇಳಿ ನೋಡುವುದು ಒಳ್ಳೆಯದು. ಏನಾದರೂ ಇದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಇನ್ನು ಕೆಲವು ವಾರ ಹೀಗೇ ಮುಂದುವರಿದು, ಆಟಕ್ಕೂ ಹೋಗುತ್ತಿಲ್ಲ, ಊಟವೂ ಸರಿ ಮಾಡುತ್ತಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನಿಮ್ಮತ್ತೆ. ಅವರ ಬಾಯಲ್ಲಿ ಬಂದ ಮಾತು ತಪ್ಪು, ಒಳಗಿರುವ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೂ ಬಟ್ಟೆಗೂ ಗಂಟು ಹಾಕಬಾರದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರಲ್ಲಿ ಬಹುಪಾಲು ಜನ ಪರಿಚಿತರೇ ಅಂತ ಪೊಲೀಸ್ ದಾಖಲೆಗಳು ವರ್ಷವರ್ಷವೂ ಹೇಳುತ್ತವೆ. ಮೈತುಂಬ ಬಟ್ಟೆ ಹಾಕಿದ ಮಕ್ಕಳನ್ನೂ ಅಂಥವರು ಬಿಟ್ಟಿಲ್ಲ. ಮಕ್ಕಳನ್ನು ಇಂಥ ದೌರ್ಜನ್ಯದಿಂದ ಕಾಪಾಡಲು ಇರುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗು ಏನು ಹಾಕಿತ್ತು ಅನ್ನುವ ಪ್ರಶ್ನೆಗೆ ಜಾಗವೇ ಇಲ್ಲ. ನನಗೆ ಹೆಚ್ಚು ಚಿಂತೆ ಆಗಿದ್ದು ಇನ್ನೊಂದಕ್ಕೆ. "ನಾಚಿಕೆ ಆಗಲ್ವಾ" ಅನ್ನಿಸಿಕೊಂಡ ಮಗು, ನಾಳೆ ನಿಜವಾಗಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಮನೆಗೆ ಬಂದು ಹೇಳುವುದಿಲ್ಲ. ತನ್ನದೇ ತಪ್ಪು ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಅತ್ತೆಯವರ ಹತ್ತಿರ ಇದನ್ನು ಒಬ್ಬರೇ ಇದ್ದಾಗ ಮಾತಾಡಿ, ಗಂಡನ ಎದುರು ಬೇಡ. "ಅತ್ತೆ, ನಿಮಗಿರೋ ಭಯ ನನಗೂ ಇದೆ. ಆದ್ರೆ ಅವಳು ಅವತ್ತಿಂದ ಸ್ವೆಟರ್ ಬಿಚ್ತಿಲ್ಲ. ನೀವೇ ಹತ್ತಿರ ಕರೆದು ಒಂದು ಮಾತು ಹೇಳಿ" ಅಂತ ಕೇಳಿಕೊಳ್ಳಿ. ಮೊಮ್ಮಗಳು ನೊಂದಿದ್ದಾಳೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಅಜ್ಜಿಯರ ಮನಸ್ಸು ತಡೆಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನೀವು ಹಳೇ ಕಾಲದವರಲ್ಲ. ಆ ಬಟ್ಟೆ ಯಾಕೆ ಹಿಡಿಸಲಿಲ್ಲ ಅಂತ ಗೊತ್ತಾಗಬೇಕಾದರೆ ಒಂದು ಕೆಲಸ ಮಾಡಿ. ಮಗಳನ್ನು ಕರೆದುಕೊಂಡು ಯಾವುದಾದರೂ ರೆಡಿಮೇಡ್ ಅಂಗಡಿಗೆ ಹೋಗಿ, ಏನೂ ಕೊಳ್ಳದಿದ್ದರೂ ಪರವಾಗಿಲ್ಲ. 9-10 ವರ್ಷದ ಸೈಜಿನ ಹುಡುಗರ ಚಡ್ಡಿ ಒಂದು, ಅದೇ ಸೈಜಿನ ಹುಡುಗಿಯರ ಶಾರ್ಟ್ಸ್ ಒಂದು ತೆಗೆದು ಒಂದರ ಮೇಲೊಂದು ಇಟ್ಟು ನೋಡಿ. ಹುಡುಗರದ್ದು ಸಾಮಾನ್ಯವಾಗಿ ಮಂಡಿ ಹತ್ತಿರ ಬರುತ್ತದೆ. ಹುಡುಗಿಯರದ್ದು ಎಷ್ಟೋ ಸಲ ತೊಡೆ ಮೇಲೇ ಮುಗಿದುಹೋಗುತ್ತದೆ. ಅವನದ್ದಕ್ಕೆ ಗೋಲಿ, ಕಡಲೆಕಾಯಿ ತುಂಬಿಕೊಳ್ಳುವಷ್ಟು ಜೇಬು. ಇವಳದ್ದಕ್ಕೆ ಜೇಬಿನ ಹಾಗೆ ಕಾಣುವ ಹೊಲಿಗೆ ಮಾತ್ರ, ಬೆರಳು ಹಾಕಲು ಹೋದರೆ ಒಳಗೆ ಹೋಗುವುದೇ ಇಲ್ಲ. ಬಟ್ಟೆಯೂ ತೆಳು.

9 ವರ್ಷಕ್ಕೆ ಹುಡುಗ ಹುಡುಗಿಯರ ಎತ್ತರ, ಮೈಕಟ್ಟು ಹೆಚ್ಚುಕಡಿಮೆ ಒಂದೇ. ಒಂದೇ ಮರ ಹತ್ತುತ್ತಾರೆ, ಒಂದೇ ಜಾರುಬಂಡೆಯಲ್ಲಿ ಜಾರುತ್ತಾರೆ. ಹಾಗಿದ್ದ ಮೇಲೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹುಡುಗನ ಚಡ್ಡಿ ಮಾಡಿದವರು ಅವನು ಏನೇನು ಆಡುತ್ತಾನೆ ಅಂತ ಯೋಚಿಸಿದ್ದಾರೆ. ಹುಡುಗಿಯದ್ದು ಮಾಡಿದವರು ಅವಳು ಹೇಗೆ ಕಾಣುತ್ತಾಳೆ ಅಂತ ಯೋಚಿಸಿದ್ದಾರೆ. ಇಪ್ಪತ್ತೈದು ವರ್ಷದವರ ಡಿಸೈನನ್ನೇ ಸಣ್ಣ ಅಳತೆಗೆ ಇಳಿಸಿ ಹ್ಯಾಂಗರಿಗೆ ತೂಗುಹಾಕಿದ್ದಾರೆ. ನಿಮಗೆ ಕಸಿವಿಸಿ ಆಗಿದ್ದು ಇದಕ್ಕೇ.

ಇದು ನಮ್ಮಲ್ಲಿ ಮಾತ್ರ ಇರುವ ತಕರಾರಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರೈಮಾರ್ಕ್ ಅಂಗಡಿಗಳು ಏಳೆಂಟು ವರ್ಷದ ಹುಡುಗಿಯರಿಗೆ ಪ್ಯಾಡ್ ಇಟ್ಟ ಬಿಕಿನಿ ಮಾರುತ್ತಿದ್ದವು. ಜನ ಗಲಾಟೆ ಮಾಡಿದ ಮೇಲೆ ವಾಪಸ್ ತೆಗೆದುಕೊಂಡರು. 2011ರಲ್ಲಿ ಅಲ್ಲಿನ ವ್ಯಾಪಾರಿಗಳ ಒಕ್ಕೂಟವೇ ಮಕ್ಕಳ ಬಟ್ಟೆಗೆ ನಿಯಮ ಬರೆದುಕೊಂಡಿತು. ಹುಡುಗಿಯರ ಮೊದಲ ಬ್ರಾ ಆರಾಮಕ್ಕೆ, ಆಸರೆಗೆ ಇರಬೇಕು, ಎದೆ ದೊಡ್ಡದಾಗಿ ಕಾಣಿಸಲು ಇರಬಾರದು ಅಂತ ಅದರಲ್ಲಿದೆ. ಇದನ್ನು ಹೇಳಿದ್ದಕ್ಕೆ ಕಾರಣ ಇದೆ. 8 ವರ್ಷದಿಂದ 13ರೊಳಗೆ ಯಾವಾಗ ಬೇಕಾದರೂ ಹುಡುಗಿಯರ ಎದೆ ಬೆಳೆಯಲು ಶುರುವಾಗಬಹುದು. ನಿಮ್ಮ ಮಗಳಿಗೆ ಆ ಹೊತ್ತು ಬಂದಾಗ ಕಾಟನ್ ಸ್ಲಿಪ್ ತನ್ನಿ. ಆಮೇಲೆ ಬೇಕಾದರೆ ಪ್ಯಾಡ್ ಇಲ್ಲದ ಬಿಗಿನರ್ಸ್ ಬ್ರಾ. ಅಂಗಡಿಯವರು ಪ್ಯಾಡ್ ಇರುವುದನ್ನು ಮುಂದಿಟ್ಟರೆ ಬೇಡ ಅನ್ನಿ.

ಸಂಪ್ರದಾಯದ ಬಟ್ಟೆಗೂ ಇದೇ ಮಾತು. ಮದುವೆ ಮನೆಯಲ್ಲಿ ಆರು ವರ್ಷದ ಮಕ್ಕಳಿಗೆ ಬೆನ್ನು ಪೂರ್ತಿ ಬಿಟ್ಟು ದಾರ ಕಟ್ಟುವ ಬ್ಲೌಸು, ಸೊಂಟದಿಂದ ಜಾರುವ ಲೆಹೆಂಗಾ ಹಾಕಿಸುತ್ತೇವೆ. ಮಗು ರಾತ್ರಿಯೆಲ್ಲ ಲೆಹೆಂಗಾ ಎತ್ತಿಕೊಂಡೇ ಓಡಾಡುತ್ತದೆ, ಜರಿ ಚುಚ್ಚಿ ಮೈಯೆಲ್ಲ ಕೆರೆತ. ಅದನ್ನು ನೋಡಿ ಯಾರೂ "ಅವತಾರ" ಅನ್ನುವುದಿಲ್ಲ! ನಿಮ್ಮತ್ತೆಯವರ ಕಾಲದ ಲಂಗ ಬೇರೆ ಥರ ಇತ್ತು. ಟೈಲರ್ ಅಂಚಿನ ಹತ್ತಿರ ಎರಡು ಮಡಿಕೆ ಒಳಗೆ ಹಾಕಿ ಹೊಲಿಯುತ್ತಿದ್ದ. ಮಗು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಿದ್ದರು. ಬೆಳೆಯುವ ಮಗು, ಕುಂಟೆಬಿಲ್ಲೆ ಆಡುವ ಮಗು ಅಂತ ತಲೆಯಲ್ಲಿಟ್ಟುಕೊಂಡು ಹೊಲಿದ ಬಟ್ಟೆ ಅದು. ಅತ್ತೆಯವರನ್ನು ಈ ಬಗ್ಗೆ ಕೇಳಿ ನೋಡಿ, ಅವರಿಗೆ ಹೇಳಲು ತುಂಬಾ ಇರುತ್ತದೆ. ಕ್ರಾಪ್ ಟಾಪಿನ ಜಗಳವೂ ತಣ್ಣಗಾಗಬಹುದು.

"ಎಲ್ಲ ಮಕ್ಕಳೂ ಹಾಕ್ತಾರೆ" ಅನ್ನುವ ನಿಮ್ಮ ಯಜಮಾನರ ಮಾತಲ್ಲಿ ಅರ್ಧ ನಿಜ ಇದೆ. ಅಂಗಡಿಯಲ್ಲಿ ಅದೇ ತುಂಬಿದ್ದರೆ ಅದನ್ನೇ ಹಾಕುತ್ತಾರೆ. ಆದರೆ ಮಗಳಿಗೆ ಆ ಆಸೆ ಹುಟ್ಟಿದ್ದು ಎಲ್ಲಿ? ನಿಮ್ಮ ಫೋನಿನಲ್ಲಿ. ರೀಲ್ಸಿನ ಆ ಪುಟ್ಟ ಹುಡುಗಿಗೆ ಎಷ್ಟೋ ಸಲ ಕಂಪನಿಯೇ ಬಟ್ಟೆ ಕಳಿಸಿರುತ್ತದೆ, ಕೆಲವು ಸಲ ದುಡ್ಡೂ ಕೊಟ್ಟಿರುತ್ತದೆ. ನಿಮ್ಮ ಮಗಳ ಕಣ್ಣಿಗೆ ಅದು ಜಾಹೀರಾತು ಅಲ್ಲ, ಗೆಳತಿ. ಏಳೆಂಟು ವರ್ಷದ ತನಕ ಮಕ್ಕಳಿಗೆ ಜಾಹೀರಾತು ತಮ್ಮನ್ನು ಒಪ್ಪಿಸಲು ಬಂದಿದೆ ಅನ್ನುವುದೇ ಹೊಳೆಯುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2004ರಲ್ಲೇ ಹೇಳಿತ್ತು. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ಟಿವಿ ಜಾಹೀರಾತನ್ನು 1991ರಿಂದ ನಿಷೇಧಿಸಿದ್ದಾರೆ. ನಮ್ಮಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಒಂದು ನಿಯಮ ತಂದಿದೆ: ದುಡ್ಡು ಅಥವಾ ಉಡುಗೊರೆ ಪಡೆದು ಹಾಕುವ ಪೋಸ್ಟಿನ ಮೇಲೆ ಅದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಬರೆಯಲೇಬೇಕು.

ನಿಮ್ಮ ಮಗಳಿಗೆ 9 ಆಗಿದೆ, ಹೇಳಿಕೊಟ್ಟರೆ ಅರ್ಥವಾಗುತ್ತದೆ. ಫೋನ್ ಕಿತ್ತುಕೊಳ್ಳುವ ಮೊದಲು ಒಂದು ದಿನ ಜೊತೆಗೆ ಕೂತು ರೀಲ್ಸ್ ನೋಡಿ. "ಆಡ್", "ಪೇಯ್ಡ್ ಪಾರ್ಟ್‌ನರ್‌ಶಿಪ್" ಅಂತ ಎಲ್ಲೆಲ್ಲಿ ಇದೆ ಅವಳೇ ಹುಡುಕಲಿ. ಈ ಹುಡುಗಿ ದಿನಾ ಹೊಸ ಬಟ್ಟೆ ಹಾಕ್ತಾಳಲ್ಲ, ಯಾರು ಕೊಡಿಸ್ತಾರೆ? ಈ ಸ್ಕರ್ಟ್ ಹಾಕಿಕೊಂಡು ಅವಳು ಸೈಕಲ್ ಹೊಡೆಯೋದನ್ನ ನೋಡಿದ್ಯಾ? ಇಂಥ ಪ್ರಶ್ನೆ ಕೇಳಿ, ಉತ್ತರ ನೀವು ಕೊಡಬೇಡಿ. ಆಮೇಲೆ ಫೋನಿಗೆ ಹೊತ್ತು ಗೊತ್ತುಮಾಡಿ. ಇನ್‌ಸ್ಟಾಗ್ರಾಮಿಗೆ ಕನಿಷ್ಠ ವಯಸ್ಸು 13, ಅದನ್ನು ನಿಮ್ಮ ಯಜಮಾನರಿಗೂ ಹೇಳಿ. ಅವಳ ಫೋಟೊಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದರೆ ಇವತ್ತೇ ಪ್ರೈವೇಟ್ ಮಾಡಿ.

ಬಂದ ಕ್ರಾಪ್ ಟಾಪನ್ನು ಬಿಸಾಡಬೇಡಿ, ಅದು ಇನ್ನೊಂದು ಶಿಕ್ಷೆ ಆಗುತ್ತದೆ. ಅದರಲ್ಲಿ ಅವಳಿಗೆ ಏನಿಷ್ಟ ಅಂತ ಕೇಳಿ. ಬಹಳ ಸಲ ಮಕ್ಕಳು ಆಸೆಪಡುವುದು ಮಿಂಚಿಗೆ, ಬಣ್ಣಕ್ಕೆ. ಒಳಗೊಂದು ಉದ್ದ ಬನಿಯನ್, ಕೆಳಗೆ ಸಡಿಲ ಪ್ಯಾಂಟ್ ಹಾಕಿಕೊಂಡರೆ ಅದೇ ಟಾಪ್ ಚೆನ್ನಾಗಿರುತ್ತದೆ. ಮುಂದೆ ಬಟ್ಟೆ ಕೊಳ್ಳುವಾಗ ಟ್ರಯಲ್ ರೂಮಿನಲ್ಲಿ ಹಾಕಿಸಿ ಎರಡೂ ಕೈ ಮೇಲೆತ್ತಲು ಹೇಳಿ, ಚಕ್ಕಳಮಕ್ಕಳ ಹಾಕಿ ಕೂರಲು ಹೇಳಿ, ನಾಲ್ಕು ಹೆಜ್ಜೆ ಓಡಲು ಹೇಳಿ. ಎಲ್ಲಾದರೂ ಎಳೆದುಕೊಳ್ಳಬೇಕಾಯಿತಾ, ಚುಚ್ಚಿತಾ, ಜಾರಿತಾ ಅಂತ ಅವಳೇ ಹೇಳಲಿ. ಪಾಸಾದ ಬಟ್ಟೆಗಳಲ್ಲಿ ಯಾವುದು ಅನ್ನುವುದು ಪೂರ್ತಿ ಅವಳ ಇಷ್ಟ, ಅದು ನಿಮ್ಮ ಕಣ್ಣಿಗೆ ಎಷ್ಟೇ ಗಿಲೀಟು ಅನ್ನಿಸಿದರೂ ಸರಿ. ಹುಡುಗರ ಸೆಕ್ಷನ್ನಿನಲ್ಲೂ ನೋಡಿ. ನಿಮ್ಮ ಬೀದಿಯ ಟೈಲರ್‌ಗೆ ಕಾಟನ್ ಬಟ್ಟೆ ಕೊಟ್ಟು, ಮಗಳು ತೋರಿಸಿದ ಚಿತ್ರದಂತೆ ಒಂದಿಷ್ಟು ಉದ್ದ ಬಿಟ್ಟು, ಜೇಬಿಟ್ಟು ಹೊಲಿಸಬಹುದು.

ಸ್ಕೂಲ್ ಡೇ ಡ್ರೆಸ್ಸಿಗೆ ಒಬ್ಬರೇ ಹೋಗಿ ಜಗಳ ಆಡಬೇಡಿ. ಅದೇ ಡ್ಯಾನ್ಸಿನಲ್ಲಿರುವ ಮಕ್ಕಳ ತಾಯಂದಿರಿಗೆ ಫೋನ್ ಮಾಡಿ. ನಿಮ್ಮ ಹಾಗೇ ಒಳಗೊಳಗೇ ಮುಜುಗರ ಪಡುತ್ತಿರುವವರು ಖಂಡಿತ ಇರುತ್ತಾರೆ. ಎರಡು ಮೂರು ಜನ ಸೇರಿ ಟೀಚರ್ ಹತ್ತಿರ, "ಮಿಸ್, ಟಾಪ್ ಸ್ವಲ್ಪ ಉದ್ದ ಮಾಡಿಸೋಣ, ಖರ್ಚು ನಾವೇ ನೋಡ್ಕೋತೀವಿ" ಅಂತ ಹೇಳಿ. ಬಾಡಿಗೆ ಡ್ರೆಸ್ ಆದರೆ ಎಲ್ಲರಿಗೂ ಒಂದೇ ಬಣ್ಣದ ಬನಿಯನ್, ಲೆಗ್ಗಿಂಗ್ಸ್ ಒಳಗೆ ಹಾಕಿಸಬಹುದು. ನಿಮ್ಮ ಮಗಳೊಬ್ಬಳೇ ಬೇರೆ ಕಾಣಬಾರದು, ಅದು ಮುಖ್ಯ. ಹಾಡು, ಸ್ಟೆಪ್ಪು ಕೂಡ ಮಕ್ಕಳಿಗೆ ಒಗ್ಗುವುದಿಲ್ಲ ಅನ್ನಿಸಿದರೆ ಅದನ್ನೂ ಹೇಳಿ. ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ ತೋರಿಸಬೇಡಿ ಅಂತ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಇಲಾಖೆ 2019ರ ಜೂನ್‌ನಲ್ಲಿ ಟಿವಿ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿದೆ. ಟಿವಿಗೇ ಸಲ್ಲದ್ದು ಶಾಲೆಯ ವೇದಿಕೆಗೆ ಯಾಕೆ ಬೇಕು ಅಂತ ನೀವು ಧಾರಾಳವಾಗಿ ಕೇಳಬಹುದು. ಹೆಡ್‌ಮಾಸ್ಟರ್ ಒಪ್ಪದಿದ್ದರೆ ಪೋಷಕರ ಸಭೆಯಲ್ಲಿ ಎತ್ತಿ. ರಿಹರ್ಸಲ್ ಜೋರಾಗುವ ಮೊದಲೇ ಹೋಗಿ, ಡ್ರೆಸ್ಸಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.