ಕಬ್ಬಿಣದ ಮಾತ್ರೆ ಚಹಾದ ಜೊತೆ ಬೇಡ

ಬದಿಯಡ್ಕದಿಂದ ಕೇಳಿದ್ದೀರಿ: ಅಮ್ಮ 3 ತಿಂಗಳಿಂದ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಬೆಳಿಗ್ಗೆ ಚಹಾದ ಜೊತೆಗೇ ನುಂಗುತ್ತಾರೆ, ಹಿಮೋಗ್ಲೋಬಿನ್ ಏರಿಲ್ಲ ಎಂದು. ತೊಡಕು ಅಲ್ಲೇ ಇರಬಹುದು. ಚಹಾದ ಒಗರು, ಅಂದರೆ ಟ್ಯಾನಿನ್, ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಡುತ್ತದೆ. ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ.

ಕಬ್ಬಿಣದ ಮಾತ್ರೆಯನ್ನು ತಿಂಡಿಗೆ 1 ಗಂಟೆ ಮೊದಲು, ಅರ್ಧ ನಿಂಬೆ ಹಿಂಡಿದ ನೀರಿನಲ್ಲಿ ಕೊಡಿ. ವಿಟಮಿನ್ ಸಿ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಹೊಟ್ಟೆ ಉರಿದರೆ ಕುಚ್ಚಿಲಕ್ಕಿ ಗಂಜಿ ಉಂಡ ಮೇಲೆ ಕೊಡಿ. ಹೀರಿಕೆ ತುಸು ಕಡಿಮೆಯಾದರೂ ಮಾತ್ರೆ ಬಿಡುವುದಕ್ಕಿಂತ ಮೇಲು. ಚಹಾ 2 ಗಂಟೆ ಕಳೆದು. ಕ್ಯಾಲ್ಸಿಯಂ ರಾತ್ರಿ ಊಟದೊಂದಿಗೆ.

3 ತಿಂಗಳಾದ ಕಾರಣ ಈಗಲೇ ವೈದ್ಯರಲ್ಲಿ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆ ಕೇಳಿ. ಬಿ12 ಕೊರತೆಯಿದ್ದರೆ ಕಬ್ಬಿಣವೊಂದರಿಂದಲೇ ರಕ್ತ ತುಂಬುವುದಿಲ್ಲ. ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದೂ ನೋಡಿಸಿ.