ಬೆಕ್ಕಿಗೆ ಕ್ರಿಸ್‌ಮಸ್ ಉಡುಗೊರೆ: ಕದ್ದುಮುಚ್ಚಿ ತರಬೇಕಾ?

ಮೇಡಂ, ನನಗೆ 36 ವರ್ಷ. ಮಂಗಳೂರಿನಲ್ಲಿದ್ದೇವೆ. ಮದುವೆಯಾಗಿ 9 ವರ್ಷವಾಯಿತು, ಮಕ್ಕಳಾಗಿಲ್ಲ. ಚಿಕಿತ್ಸೆ ಮಾಡಿಸಿ ಸಾಕಾಗಿ ನಿಲ್ಲಿಸಿದ್ದೇವೆ. ಮನೆಯಲ್ಲಿ ಎರಡು ಬೆಕ್ಕುಗಳಿವೆ, ಪೆದ್ರು ಮತ್ತು ಮುನ್ನಿ. ಕಳೆದ ಕ್ರಿಸ್‌ಮಸ್‌ಗೆ ಅವುಗಳಿಗೆ ಹಾಸಿಗೆ, ಸ್ಯಾಂಟಾ ಅಂಗಿ, ಆಟಿಕೆ ಅಂತ ₹3,000 ಖರ್ಚು ಮಾಡಿದೆ. ಬಣ್ಣದ ಕಾಗದ ಸುತ್ತಿ, ಹೆಸರು ಬರೆದು, ಅತ್ತೆ ಮನೆಯ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕ ಎಲ್ಲರ ಉಡುಗೊರೆ ಜೊತೆ ಇಟ್ಟೆ. ನಾದಿನಿಯ ಏಳು ವರ್ಷದ ಮಗನಿಗೆ ಕವರಿನಲ್ಲಿ ₹500 ಹಾಕಿ ಕೊಟ್ಟಿದ್ದೆ. ಅವನು, 'ಆಂಟಿ, ಬೆಕ್ಕಿಗೆ ಪ್ಯಾಕೆಟ್, ನನಗೆ ಬರೀ ಕವರಾ?' ಅಂದ. ನಾದಿನಿ, 'ನಿನಗೂ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು' ಅಂದಳು. ಅತ್ತೆ, 'ಮಕ್ಕಳ ಬದಲು ನಾಯಿ ಬೆಕ್ಕು ಸಾಕುವುದು ಸ್ವಾರ್ಥ ಅಂತ ಪೋಪರೇ ಹೇಳಿದ್ದಾರೆ' ಅಂದರು. ನನ್ನವರು ಮೊಬೈಲ್ ನೋಡುತ್ತಾ ಕೂತಿದ್ದರು. ಈ ವರ್ಷ ಏನು ಮಾಡಲಿ? ಯಾರಿಗೂ ಗೊತ್ತಾಗದಂತೆ ತರಲಾ? ಬಿಟ್ಟುಬಿಡಲಾ? ಅಥವಾ ಹಬ್ಬಕ್ಕೆ ಅಲ್ಲಿಗೆ ಹೋಗುವುದೇ ಬೇಡವಾ?
— ಹೆಸರು ಬೇಡ, ಮಂಗಳೂರು

ತಂಗೀ, ಕದ್ದುಮುಚ್ಚಿ ತರಬೇಡಿ. ಬಿಡಲೂ ಬೇಡಿ. ನಿಮ್ಮ ದುಡ್ಡಿನಲ್ಲಿ, ನೀವು ಪ್ರೀತಿಸುವ ಎರಡು ಜೀವಗಳಿಗೆ ಹಬ್ಬದ ದಿನ ಏನಾದರೂ ಕೊಡುವುದಕ್ಕೆ ನಾಚಿಕೆಪಡುವ ಕಾರಣವೇ ಇಲ್ಲ. ನಿಮ್ಮ ನಾದಿನಿ ಆಡಿದ ಮಾತು ಕ್ರೂರವಾದದ್ದು. ಅದನ್ನು ತಮಾಷೆ ಅಂತಲೋ, ಬಾಯಿ ತಪ್ಪಿ ಬಂದದ್ದು ಅಂತಲೋ ನುಂಗಿಕೊಳ್ಳಬೇಕಾಗಿಲ್ಲ.

ಅತ್ತೆ ಹೇಳಿದ ಪೋಪರ ಮಾತು ಸುಳ್ಳಲ್ಲ. 2022ರ ಜನವರಿ 5ರಂದು ಪೋಪ್ ಫ್ರಾನ್ಸಿಸ್ ವ್ಯಾಟಿಕನ್‌ನಲ್ಲಿ ಹಾಗೆ ಮಾತಾಡಿದ್ದರು. ಆದರೆ ಅದು ಮಕ್ಕಳೇ ಬೇಡ, ನಾಯಿ ಬೆಕ್ಕು ಸಾಕು ಅನ್ನುವವರನ್ನು ಕುರಿತ ಮಾತು. ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದು, ಸೂಜಿ ಚುಚ್ಚಿಸಿಕೊಂಡು, ಪ್ರತಿ ತಿಂಗಳೂ ಕಾದು ಕೂತ ಹೆಣ್ಣಿಗೆ ಆ ಮಾತನ್ನು ಎಸೆಯುವುದು ಅನ್ಯಾಯ. ಮಕ್ಕಳಾಗದವರು ದತ್ತು ತೆಗೆದುಕೊಳ್ಳುವ ಬಗ್ಗೆ ಯೋಚಿಸಲಿ ಎಂದೂ ಅವರು ಅವತ್ತೇ ಹೇಳಿದ್ದರು. ಆ ವಿಷಯವನ್ನೂ ನೀವಿಬ್ಬರು ಮಾತ್ರ, ನಿಮಗೆ ಬೇಕೆನಿಸಿದಾಗ ಮಾತಾಡಬೇಕು. ಅತ್ತೆ, ನಾದಿನಿ, ನಾನು, ಯಾರೂ ಅದರಲ್ಲಿ ತಲೆ ಹಾಕುವಂತಿಲ್ಲ.

ಆ ಪೋಪರು ಯಾವ ಸಂತರ ಹೆಸರು ಇಟ್ಟುಕೊಂಡಿದ್ದರೋ, ಆ ಅಸ್ಸಿಸಿಯ ಸಂತ ಫ್ರಾನ್ಸಿಸರ ಕತೆ ನಿಮ್ಮ ಅತ್ತೆಗೂ ಗೊತ್ತಿರುತ್ತದೆ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅವರು ಹುಲ್ಲು ತುಂಬಿದ ಮೇವಿನ ತೊಟ್ಟಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದರು. ಇವತ್ತು ನಿಮ್ಮ ಅತ್ತೆ ಮನೆಯಲ್ಲಿ ಕಟ್ಟುವ ಗೋದಲಿಯ ಸಂಪ್ರದಾಯ ಹಬ್ಬಿದ್ದು ಅಲ್ಲಿಂದ. ಅವರ ಹಳೆಯ ಜೀವನಚರಿತ್ರೆಯಲ್ಲಿ ಇನ್ನೊಂದು ವಿಷಯ ಇದೆ, ನನಗಂತೂ ಅದು ಬಹಳ ಇಷ್ಟ. ಕ್ರಿಸ್‌ಮಸ್ ದಿನ ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು, ಎತ್ತು ಕತ್ತೆಗಳಿಗೆ ಮಾಮೂಲಿಗಿಂತ ಜಾಸ್ತಿ ಹುಲ್ಲು, ಕಾಳು ಕೊಡಬೇಕು ಎಂದು ಅವರು ಬಯಸುತ್ತಿದ್ದರಂತೆ. ಚಕ್ರವರ್ತಿಯ ಜೊತೆ ಮಾತಾಡುವ ಅವಕಾಶ ಸಿಕ್ಕರೆ, ಆ ದಿನ ಹಕ್ಕಿಗಳಿಗಾಗಿ ದಾರಿಯುದ್ದಕ್ಕೂ ಕಾಳು ಚೆಲ್ಲಬೇಕೆಂದು ಆಜ್ಞೆ ಹೊರಡಿಸಲು ಕೇಳಿಕೊಳ್ಳುತ್ತೇನೆ ಎನ್ನುತ್ತಿದ್ದರಂತೆ. ಅಂದರೆ ಪ್ರಾಣಿಗೆ ಕ್ರಿಸ್‌ಮಸ್ ದಿನ ಏನಾದರೂ ಕೊಡುವುದು ನಿನ್ನೆ ಮೊನ್ನೆ ಪೆಟ್ ಶಾಪ್‌ನವರು ಶುರು ಮಾಡಿದ್ದಲ್ಲ. ಇದನ್ನು ಅತ್ತೆಯ ಜೊತೆ ವಾದಕ್ಕೆ ಬಳಸಬೇಡಿ. ಒಂದು ದಿನ ಕುಸ್ವಾರ್‌ಗೆ, ಅಂದರೆ ಕ್ರಿಸ್‌ಮಸ್ ತಿಂಡಿಗಳಿಗೆ, ನೆವ್ರಿ (ಕರ್ಜಿಕಾಯಿ) ಮಡಚುತ್ತಾ ಕೂತಾಗ ಸುಮ್ನೆ ಕತೆಯಾಗಿ ಹೇಳಿ.

ಆದರೆ ಆ ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ನಿಮಗೆ ಬೇಸರವಾದರೂ ಇದನ್ನು ಹೇಳಲೇಬೇಕು. ಏಳು ವರ್ಷದ ಮಗುವಿಗೆ ₹500ರ ಬೆಲೆ ಗೊತ್ತಿಲ್ಲ, ಕವರು ಹೇಗೂ ಅಮ್ಮನ ಪರ್ಸಿಗೆ ಹೋಗುತ್ತದೆ. ಅವನಿಗೆ ಕಂಡದ್ದು ಬಣ್ಣದ ಕಾಗದ, ರಿಬ್ಬನ್ನು, ಮೇಲೆ ಬರೆದ ಹೆಸರು. ಪೆದ್ರುವಿಗೇನು ಇಷ್ಟ ಎಂದು ಯೋಚಿಸಿ ಅಂಗಡಿ ಸುತ್ತಿದ ಆಂಟಿ, ತನಗಾಗಿ ಸುತ್ತಲಿಲ್ಲ ಎಂದು ಅವನಿಗೆ ಅನಿಸಿತು. ಮಕ್ಕಳಿರುವ ಅಂಗಡಿಗೆ ಕಾಲಿಡಲು, ಆಟಿಕೆ ಆರಿಸಲು ನಿಮಗೆ ಕಷ್ಟವಾಗುತ್ತಿರಬಹುದು, ಅದಕ್ಕೇ ಕವರು ಕೊಟ್ಟಿರಬಹುದು. ಅದು ನನಗೆ ಅರ್ಥವಾಗುತ್ತದೆ. ಅವನಿಗೆ ಅರ್ಥವಾಗುವುದಿಲ್ಲ, ಅಲ್ವಾ? ಈ ಸಲ ಅವನ ಹೆಸರು ಬರೆದ ಪ್ಯಾಕೆಟ್ ಒಂದಿರಲಿ. ಅಂಗಡಿಗೆ ಹೋಗಲಾಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ.

ಇನ್ನು ನಿಮ್ಮವರು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಮೊಬೈಲು. ಮಾತಾಡಿದವರು ಅವರ ತಾಯಿ, ಅವರ ತಂಗಿ. ಬಾಯಿ ತೆರೆಯಬೇಕಾದವರು ಅವರೇ. ಅವರಿಗೂ ಆ ಮಾತು ಚುಚ್ಚಿರಬಹುದು, ಮುಖ ಎತ್ತಲಾಗದೆ ಸ್ಕ್ರೀನ್ ನೋಡುತ್ತಾ ಕೂತಿರಬಹುದು. ಹಾಗಿದ್ದರೆ ಅದೂ ನಿಮಗೆ ಗೊತ್ತಾಗಬೇಕು. ಹಬ್ಬ ಹತ್ತಿರ ಬರುವ ಮೊದಲೇ, ಇಬ್ಬರೇ ಇರುವಾಗ ನೇರವಾಗಿ ಹೇಳಿ: 'ಅವತ್ತು ನೀವು ಸುಮ್ಮನಿದ್ದದ್ದು ನನಗೆ ತುಂಬ ನೋವು ಮಾಡಿತು. ಮಕ್ಕಳಿಲ್ಲದ್ದು ನಮ್ಮಿಬ್ಬರ ವಿಷಯ. ಮತ್ತೆ ಯಾರಾದರೂ ಆ ಮಾತೆತ್ತಿದರೆ ನೀವು ಉತ್ತರ ಕೊಡಬೇಕು.' ಹಬ್ಬಕ್ಕೆ ಮೊದಲೇ ಅವರು ತಂಗಿಗೆ ಒಂದು ಫೋನ್ ಮಾಡಿ, 'ಆ ವಿಷಯ ಇನ್ನು ಬೇಡ' ಎಂದರೆ ಇನ್ನೂ ಒಳ್ಳೆಯದು. ಅವರು ಅಷ್ಟು ಮಾಡಿದರೆ ಧೈರ್ಯವಾಗಿ ಹೋಗಿ. ಮಾಡಲು ಒಪ್ಪದಿದ್ದರೆ, ಈ ವರ್ಷ ಚರ್ಚಿನಲ್ಲಿ ಎಲ್ಲರನ್ನೂ ಕಂಡು, ಹಬ್ಬದ ಊಟ ನಿಮ್ಮ ಮನೆಯಲ್ಲೇ ಮಾಡಿ. ಅದರಲ್ಲಿ ತಪ್ಪೇನೂ ಇಲ್ಲ.

ಬೆಕ್ಕುಗಳ ಉಡುಗೊರೆ ನಿಮ್ಮ ಮನೆಯಲ್ಲೇ ಕೊಡಿ. ಜನರ ಬಾಯಿಗೆ ಹೆದರಿ ಹೇಳುತ್ತಿಲ್ಲ. ಬುಟ್ಟಿಯಲ್ಲಿ ಕೂರಿಸಿಕೊಂಡು ಬೇರೆ ಮನೆಗೆ, ಆ ಗಲಾಟೆಗೆ ಒಯ್ದರೆ ಬೆಕ್ಕಿಗೆ ಹಬ್ಬ ಅನ್ನುವುದು ಬರೀ ಭಯ. ತನ್ನ ಜಾಗದ ವಾಸನೆ ಇದ್ದಲ್ಲೇ ಅದಕ್ಕೆ ನೆಮ್ಮದಿ. ಸ್ಯಾಂಟಾ ಅಂಗಿಯಂತೂ ಬೇಡವೇ ಬೇಡ. ಡಿಸೆಂಬರಿನಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುವ ಊರು ನಿಮ್ಮದು. ಅಂಗಿ ಹಾಕಿದ ಕೂಡಲೇ ಎಷ್ಟೋ ಬೆಕ್ಕುಗಳು ಮೈ ಬಿಗಿಹಿಡಿದು ಒಂದೇ ಕಡೆ ಕೂತುಬಿಡುತ್ತವೆ. ಫೋಟೋದಲ್ಲಿ ಅದು ಸಾಧುವಾಗಿ ಕಾಣುತ್ತದೆ, ನಿಜಕ್ಕೂ ಅದು ಕಂಗಾಲಾಗಿರುತ್ತದೆ.

ದೊಡ್ಡ ರಟ್ಟಿನ ಡಬ್ಬ ಕೊಡಿ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳನ್ನು ಗಮನಿಸಿದ್ದರು. ಅಡಗಿ ಕೂರಲು ಡಬ್ಬ ಸಿಕ್ಕ ಬೆಕ್ಕುಗಳು, ಸಿಗದವುಗಳಿಗಿಂತ ಬೇಗ ಶಾಂತವಾದವು. ನಿಮ್ಮ ಮನೆಯ ಡಬ್ಬಕ್ಕೆ ಎರಡು ಕಡೆ ತೂತು ಮಾಡಿ, ನಿಮ್ಮ ಹಳೆಯ ನೈಟಿಯ ತುಂಡು ಹಾಸಿ. ಸೆಲ್ಲೋಟೇಪಿನ ಒಂದು ಚೂರೂ ಒಳಗೆ ಉಳಿಯದಂತೆ ನೋಡಿಕೊಳ್ಳಿ. ರಿಬ್ಬನ್, ನೂಲು, ಕ್ರಿಸ್‌ಮಸ್ ಮರಕ್ಕೆ ಸುತ್ತುವ ಮಿಂಚುವ ಜರಿ ಇವು ಮಾತ್ರ ಬೆಕ್ಕಿಗೆ ಎಟುಕಬಾರದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿರುತ್ತವೆ, ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಕಷ್ಟ. ಒಳಗೆ ಹೋದ ದಾರ ಕರುಳನ್ನು ನೆರಿಗೆ ನೆರಿಗೆಯಾಗಿ ಎಳೆದು, ಆಪರೇಷನ್ ತನಕ ಹೋಗಬಹುದು. ಹಬ್ಬದ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಮನೆಯೊಳಗೇ ತರಬೇಡಿ. ಮೈಮೇಲೆ ಬಿದ್ದ ಅದರ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಕೆಡುತ್ತದೆ.

ಪ್ಲಮ್ ಕೇಕ್ ತುಂಡು ಕೊಡುವ ಆಸೆಯೂ ಬೇಡ. ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದೇ ಇಲ್ಲ, ಆ ರುಚಿಗೆ ಬೇಕಾದ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಒಣದ್ರಾಕ್ಷಿ, ಚಾಕೊಲೇಟ್ ಎರಡೂ ಅಪಾಯ. ಹಿತ್ತಲಲ್ಲಿ ಕುಪ್ಪಿಗಿಡ ಇದ್ದರೆ ಬೇರು ಸಮೇತ ಕಿತ್ತು ಮುಂದಿಟ್ಟು ನೋಡಿ. ಎಷ್ಟೋ ಬೆಕ್ಕುಗಳು ಆ ಬೇರಿಗೆ ಮೂತಿ ಉಜ್ಜಿ, ಜೊಲ್ಲು ಸುರಿಸಿ, ಅಂಗಾತ ಬಿದ್ದು ಹೊರಳಾಡುತ್ತವೆ. ಆಟವಾಡಿದ ಮೇಲೆ ತೆಗೆದುಬಿಡಿ, ತಿನ್ನಲು ಬಿಡಬೇಡಿ. ಉಳಿದ ದುಡ್ಡಲ್ಲಿ ಇಬ್ಬರದೂ ಲಸಿಕೆ ಬಾಕಿ ಇದೆಯಾ ನೋಡಿ ಹಾಕಿಸಿ. ಮಿಕ್ಕಿದ್ದನ್ನು ಸಂತರ ಆಸೆಯಂತೆ ಹಸಿದ ಒಂದು ಮನೆಗೆ ಅಕ್ಕಿ ಬೇಳೆಯಾಗಿ ಕೊಡಿ. ಅದು ಬೆಕ್ಕುಗಳ ಬದಲಿಗೆ ಅಲ್ಲ, ಅವುಗಳ ಜೊತೆಗೆ.

ಅತ್ತೆಗೂ ಒಂದು ಕೆಲಸ ಕೊಡಿ. 24ರಂದು ಅಲ್ಲಿ ಮೀನು ತರುತ್ತಾರಾದರೆ, ಮಸಾಲೆ ಹಚ್ಚುವ ಮೊದಲು ನಾಲ್ಕು ಬೂತಾಯಿ ಎತ್ತಿಡಲು ಕೇಳಿ. ಈರುಳ್ಳಿ ಬೆಳ್ಳುಳ್ಳಿ ಬಿದ್ದರೆ ಬೆಕ್ಕಿನ ರಕ್ತ ಕೆಡುತ್ತದೆ, ಉಪ್ಪೂ ಬೇಡ, ಬೇಯಿಸಿ ಮುಳ್ಳು ತೆಗೆದು ಕೊಡುತ್ತೇನೆ ಎಂದು ಬಿಡಿಸಿ ಹೇಳಿ. 'ಪೆದ್ರು ಮುನ್ನಿಗೆ ನಿಮ್ಮ ಲೆಕ್ಕದ ಕ್ರಿಸ್‌ಮಸ್, ಅತ್ತೆ' ಅನ್ನಿ. ಗೊಣಗಿಕೊಂಡೇ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಬರುವ ದಾರಿಯಲ್ಲಿ ನೀವೇ ಕೊಂಡುಕೊಳ್ಳಿ. ಈಸ್ಟರ್‌ಗೆ ಇನ್ನೊಮ್ಮೆ ಕೇಳಿದರಾಯಿತು.