ಕೆಂಪು ಪಾಂಡಾ ಮತ್ತು ಮೂರು ತಲೆಮಾರಿನ ಹೆಣ್ಣುಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ಚಿತ್ರವನ್ನು ಕುರಿತವು: ಪಿಕ್ಸಾರ್ ಸಂಸ್ಥೆಯಿಂದ 2022ರ ಮಾರ್ಚ್‌ನಲ್ಲಿ ಹೊರಬಂದ ‘ಟರ್ನಿಂಗ್ ರೆಡ್’ ಎಂಬ ಅನಿಮೇಷನ್ ಚಿತ್ರ. ನೋಡಿರದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾಲ 2002, ಊರು ಕೆನಡಾದ ಟೊರಾಂಟೊ. ಚೀನೀ ಮೂಲದ ಕುಟುಂಬದ ಹದಿಮೂರು ವರ್ಷದ ಮಗಳು ಮೇಲಿನ್ ಲೀ, ಮನೆಯವರ ಬಾಯಲ್ಲಿ ಮೇ, ಓದಿನಲ್ಲಿ ಮುಂದಿರುವವಳು. ಶಾಲೆ ಮುಗಿದ ಮೇಲೆ ಮನೆತನದ ಗುಡಿಗೆ ಓಡಿಬಂದು, ತಾಯಿ ಮಿಂಗ್ ಜೊತೆ ಗುಡಿಯನ್ನು ಚೊಕ್ಕಟಮಾಡಿ, ನೋಡಲು ಬಂದವರಿಗೆ ಅದರ ಕಥೆ ಹೇಳುವವಳು. ಒಂದು ಬೆಳಿಗ್ಗೆ ಎದ್ದರೆ ಅವಳು ಕೋಣೆ ತುಂಬುವಷ್ಟು ದೊಡ್ಡ ಕೆಂಪು ಪಾಂಡಾ ಆಗಿದ್ದಾಳೆ. ಮನಸ್ಸು ಕಲಕಿದಾಗ ಪಾಂಡಾ ಹೊರಬರುತ್ತದೆ, ಮನಸ್ಸು ತಿಳಿಯಾದಾಗ ಅಡಗುತ್ತದೆ. ಇದು ಆ ಮನೆತನದ ಹೆಣ್ಣುಮಕ್ಕಳಿಗೆಲ್ಲ ಹುಟ್ಟಿನಿಂದ ಬಂದ ಬಳುವಳಿ. ಕೆಂಪು ಚಂದ್ರ ಮೂಡುವ ರಾತ್ರಿ ವಿಧಿಯೊಂದನ್ನು ನಡೆಸಿ ಪಾಂಡಾವನ್ನು ತಾಯತದಂಥ ಒಂದು ಒಡವೆಯೊಳಗೆ ಬಂಧಿಸಿಬಿಡುವುದು ಅವರ ರೂಢಿ. ಮೇ ಮತ್ತು ಅವಳ ಮೂವರು ಗೆಳತಿಯರು ಹಂಬಲಿಸುತ್ತಿದ್ದ ಹಾಡುಗಾರ ಹುಡುಗರ ತಂಡದ ಕಾರ್ಯಕ್ರಮವೂ ಅದೇ ರಾತ್ರಿಗೆ ಬಂದು ಬೀಳುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ತುಂಬಿದೆ. ಈ ಚಿತ್ರದಲ್ಲಿ ಮುಟ್ಟಿನ ವಿಷಯ ಬರುತ್ತದೆಂದು ಕೇಳಿ ತೋರಿಸಲು ಹಿಂಜರಿಯುತ್ತಿದ್ದೇನೆ. ಅವಳ ವಯಸ್ಸಿಗೆ ಇದು ತಕ್ಕದ್ದೇ?

ಉತ್ತರ: ಬರುತ್ತದೆ, ಆದರೆ ನೀವು ಅಂಜಿರುವ ರೀತಿಯಲ್ಲಿ ಅಲ್ಲ. ಪಾಂಡಾ ಆಗಿಹೋದ ಮೇ ಬಚ್ಚಲುಮನೆಯೊಳಗೆ ಅಡಗಿ ಕಿರುಚುತ್ತಿರುವಾಗ, ಹೊರಗೆ ನಿಂತ ತಾಯಿ ಮಗಳು ಮೈನೆರೆದಿದ್ದಾಳೆಂದು ತಿಳಿದುಕೊಂಡು ಪ್ಯಾಡಿನ ಪೊಟ್ಟಣಗಳು, ನೋವಿನ ಮಾತ್ರೆ, ಬಿಸಿನೀರಿನ ಚೀಲ ಎಲ್ಲವನ್ನೂ ಹೊತ್ತು ಒಳಗೆ ನುಗ್ಗುತ್ತಾಳೆ. ಅದೇ ದಿನ, ತಡಮಾಡದೆ, ಶಾಲೆಯ ಕಿಟಕಿಯ ಹೊರಗೆ ನಿಂತು, ಮರೆತುಹೋದ ಪ್ಯಾಡ್ ತಂದಿದ್ದೇನೆಂದು ಇಡೀ ತರಗತಿಗೆ ಕಾಣುವಂತೆ ಪೊಟ್ಟಣವನ್ನು ಎತ್ತಿ ಹಿಡಿಯುತ್ತಾಳೆ. ನಗು ಬರುವುದು ಮುಟ್ಟಿನ ಮೇಲಲ್ಲ, ತಾಯಿಯ ಅತಿ ಕಾಳಜಿಯ ಮೇಲೆ. ಹನ್ನೊಂದರ ಹುಡುಗಿಗೆ ಇಷ್ಟು ತಿಳಿದರೆ ಕೆಡುಕೇನೂ ಇಲ್ಲ. ಇಷ್ಟರಲ್ಲೇ ತಿಳಿಯಬೇಕಾದ್ದೇ ಅದು. ಒಂದು ಸಣ್ಣ ಸಲಹೆ ಮಾತ್ರ ಕೊಡುತ್ತೇನೆ. ಜೊತೆಗೆ ಕೂತು ನೋಡಿ, ಆದರೆ ಆ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ ಪಾಠ ಹೇಳಲು ಹೋಗಬೇಡಿ. ಹಾಗೆ ಮಾಡಿದರೆ ಕಿಟಕಿಯ ಹೊರಗೆ ನಿಂತ ಮಿಂಗ್ ನೀವೇ ಆಗಿಬಿಡುತ್ತೀರಿ.

ಪ್ರಶ್ನೆ: ಕೆಂಪು ಪಾಂಡಾದ ಈ ಕಥೆ ಚೀನಾದ ಹಳೆಯ ಪುರಾಣದಿಂದ ಬಂದದ್ದೇ?

ಉತ್ತರ: ಅಲ್ಲ, ಚಿತ್ರಕ್ಕೆಂದೇ ಕಟ್ಟಿದ ಕಥೆ. ಚಿತ್ರದೊಳಗೆ ಅದು ಹೀಗಿದೆ: ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ಕಾಲದಲ್ಲಿ ಸನ್ ಯೀ ಎಂಬ ಮೂಲ ಅಜ್ಜಿ, ತನ್ನ ಹೆಣ್ಣುಮಕ್ಕಳನ್ನೂ ಊರನ್ನೂ ಕಾಪಾಡಲು ದೇವತೆಗಳನ್ನು ಬೇಡಿಕೊಂಡು, ತನ್ನ ಆವೇಶವನ್ನೇ ಪ್ರಾಣಿಶಕ್ತಿಯಾಗಿಸಿಕೊಳ್ಳುವ ವರ ಪಡೆಯುತ್ತಾಳೆ. ವರವಾಗಿ ಬಂದದ್ದು ಮುಂದಿನವರಿಗೆ ಪೀಡೆಯಾಯಿತು. ಹೊಸ ದೇಶಕ್ಕೆ ಬಂದ ಮೇಲಂತೂ ಅದನ್ನು ಮುಚ್ಚಿಡುವುದೇ ಲೇಸೆಂದು ಮನೆತನ ನಿರ್ಧರಿಸಿತು. ಮನೆಯವರು ಪೂಜಿಸುವ ಮೂಲ ಅಜ್ಜಿಯ ಗುಣವನ್ನೇ ಅವಳ ಮೊಮ್ಮಕ್ಕಳಲ್ಲಿ ಕಂಡಾಗ ಕಟ್ಟಿಹಾಕುತ್ತಾರೆ ಎಂಬ ವ್ಯಂಗ್ಯವನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ನೋಡುವವರೇ ಕಂಡುಕೊಳ್ಳಬೇಕು. ಇನ್ನು ನಿಜವಾದ ಕೆಂಪು ಪಾಂಡಾ ಹಿಮಾಲಯದ ಪೂರ್ವಭಾಗ ಮತ್ತು ನೈಋತ್ಯ ಚೀನಾದ ಕಾಡುಗಳಲ್ಲಿ ವಾಸಿಸುವ, ಹೆಚ್ಚಾಗಿ ಬಿದಿರೆಲೆ ತಿನ್ನುವ, ದೊಡ್ಡ ಬೆಕ್ಕಿನ ಗಾತ್ರದ ಸಾಧು ಪ್ರಾಣಿ. ಕಪ್ಪುಬಿಳಿ ಪಾಂಡಾಕ್ಕೂ ಅದಕ್ಕೂ ಹೆಸರು ಮತ್ತು ಊಟ ಬಿಟ್ಟರೆ ಹತ್ತಿರದ ನೆಂಟಸ್ತಿಕೆ ಇಲ್ಲ.

ಪ್ರಶ್ನೆ: ನನಗೆ ಹದಿನೇಳು ವರ್ಷ. ಮನೆಯಲ್ಲಿ ನಾನು ಮೇ ಹಾಗೆಯೇ ಒಳ್ಳೆಯ ಮಗಳು, ಗೆಳತಿಯರ ನಡುವೆ ಬೇರೆಯೇ ಹುಡುಗಿ. ಚಿತ್ರ ನೋಡಿದ ಮೇಲೆ ನನ್ನದು ಬರೀ ನಟನೆಯೇನೋ ಎನ್ನಿಸಿ ಬೇಸರವಾಯಿತು. ಮೇ ತಾಯಿಗೆ ಸುಳ್ಳು ಹೇಳಿದ್ದು ಸರಿಯೇ?

ಉತ್ತರ: ನಿಮ್ಮ ಪ್ರಶ್ನೆ ಚಿತ್ರದ ಬಹಳ ಸೂಕ್ಷ್ಮವಾದ ಜಾಗವನ್ನೇ ಮುಟ್ಟಿದೆ. ಪಾಂಡಾವನ್ನು ಹತೋಟಿಯಲ್ಲಿಡಬಲ್ಲೆನೆಂದು ತೋರಿಸಲು ಮೇ ತಂದೆತಾಯಿಯ ಮುಂದೆ ಪರೀಕ್ಷೆಗೆ ಕೂರುತ್ತಾಳೆ. ಮನಸ್ಸು ಕೆರಳಿಸುವ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದರೂ ಅವಳು ಅಲುಗಾಡುವುದಿಲ್ಲ. ಅದು ಹೇಗೆ ಸಾಧ್ಯವಾಯಿತೆಂದು ಕೇಳಿದಾಗ, ನಾನು ಅತಿ ಹೆಚ್ಚು ಪ್ರೀತಿಸುವವರನ್ನು ನೆನೆಯುತ್ತೇನೆ, ಅಂದರೆ ನಿಮ್ಮನ್ನು, ಎನ್ನುತ್ತಾಳೆ. ತಾಯಿಗೆ ಕಣ್ಣು ತುಂಬುತ್ತದೆ. ನಿಜವಾಗಿ ಅವಳು ನೆನೆದದ್ದು ಮಿರಿಯಂ, ಪ್ರಿಯಾ, ಆ್ಯಬಿ ಎಂಬ ಮೂವರು ಗೆಳತಿಯರನ್ನು.

ಇದನ್ನು ವಂಚನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಾಯಿಯನ್ನು ಪ್ರೀತಿಸುವುದು ಸುಳ್ಳಲ್ಲ, ಆದರೆ ತಾಯಿಯ ಪ್ರೀತಿಯ ಎದುರು ಮೇಗೆ ಯಾವಾಗಲೂ ಒಂದು ಅಂಕಪಟ್ಟಿ ತೂಗಾಡುತ್ತಿರುತ್ತದೆ. ಗೆಳತಿಯರೋ ಕೋಣೆಗೆ ಬಂದು, ಆ ಕೆಂಪು ಕೂದಲಿನ ರಾಶಿಯನ್ನು ನೋಡಿ ಮೊದಲು ಹೆದರಿ, ಆಮೇಲೆ ಹೋಗಿ ಅಪ್ಪಿಕೊಂಡವರು. ಹತೋಟಿ ಬಂದದ್ದು ತನ್ನನ್ನು ತಾನು ಬಿಗಿಹಿಡಿದದ್ದರಿಂದಲ್ಲ, ಹೇಗಿದ್ದರೂ ತನ್ನನ್ನು ಬೇಡವೆನ್ನದವರು ಇದ್ದಾರೆಂಬ ಧೈರ್ಯದಿಂದ. ಮನೆಯಲ್ಲಿ ಒಂದು ಬಗೆ, ಗೆಳತಿಯರಲ್ಲಿ ಒಂದು ಬಗೆ ಇರುವುದನ್ನು ನಟನೆ ಎಂದು ಕರೆದುಕೊಂಡು ನೀವು ನೊಂದುಕೊಳ್ಳಬೇಕಾಗಿಲ್ಲ, ಎರಡೂ ನೀವೇ.

ಮೇ ಮಾಡಿದ ತಪ್ಪು ಬೇರೆ ಕಡೆ ಇದೆ. ಸಹಪಾಠಿಯ ಹುಟ್ಟುಹಬ್ಬದ ಕೂಟದಲ್ಲಿ ಪಾಂಡಾ ವೇಷದಿಂದ ಹಣ ಸಂಪಾದಿಸಲು ಹೋಗಿ ಜಗಳವಾದಾಗ, ಓಡಿಬಂದ ಮಿಂಗ್ ಎಲ್ಲ ತಪ್ಪನ್ನೂ ಆ ಗೆಳತಿಯರ ಮೇಲೆ ಹೊರಿಸಿ, ನನ್ನ ಮಗಳನ್ನು ಕೆಡಿಸಿದವರು ನೀವು ಎನ್ನುತ್ತಾಳೆ. ಗೆಳತಿಯರು ಮೇಯ ಮುಖ ನೋಡುತ್ತಾರೆ. ಅವಳು ಬಾಯಿ ಬಿಡುವುದಿಲ್ಲ. ಒಳ್ಳೆಯ ಮಗಳೆನ್ನಿಸಿಕೊಳ್ಳಲು ಇನ್ನೊಬ್ಬರ ಮೇಲೆ ಬಂದ ಅಪವಾದವನ್ನು ಸುಮ್ಮನೆ ನೋಡುತ್ತ ನಿಂತಳಲ್ಲ, ಸುಳ್ಳಿಗಿಂತ ಆ ಮೌನ ಹೆಚ್ಚು ಕಹಿಯಾದದ್ದು. ಮುಂದೆ ವಿಧಿಯ ನಡುವೆಯೇ ಪಾಂಡಾವನ್ನು ಬಿಟ್ಟುಕೊಡಲಾರೆನೆಂದು ಅವಳು ಓಡಿಹೋಗುವುದು ಕಾರ್ಯಕ್ರಮ ನೋಡುವ ಚಪಲದಿಂದಷ್ಟೇ ಅಲ್ಲ, ಆ ಮೌನವನ್ನು ತಿದ್ದಿಕೊಳ್ಳುವುದಕ್ಕೂ ಹೌದು.

ಪ್ರಶ್ನೆ: ಇಂಥ ಚಿತ್ರಗಳು ಹೆತ್ತವರಿಗೆ ಎದುರು ನಿಲ್ಲುವುದನ್ನೇ ಮಕ್ಕಳಿಗೆ ಕಲಿಸುತ್ತವೆ. ಮಗಳಿಗಾಗಿ ಅಷ್ಟೆಲ್ಲ ಕಷ್ಟಪಡುವ ತಾಯಿಯನ್ನು ಕೊನೆಗೆ ರಾಕ್ಷಸಿಯಂತೆ ತೋರಿಸಿದ್ದು ನನಗೆ ಹಿಡಿಸಲಿಲ್ಲ. ತಾವು ಇದನ್ನು ಸಮರ್ಥಿಸುತ್ತೀರಾ?

ಉತ್ತರ: ತಾಯಿಯ ಪಾಂಡಾ ಕಾರ್ಯಕ್ರಮ ನಡೆಯುತ್ತಿದ್ದ ಕ್ರೀಡಾಂಗಣದ ಚಾವಣಿಯನ್ನೇ ಕಿತ್ತು ಒಳಗೆ ಕಾಲಿಡುವ ಆ ಭಾಗ ಉದ್ದವಾಯಿತೆಂದೂ, ಗದ್ದಲದಲ್ಲಿ ಸೂಕ್ಷ್ಮಗಳು ಮುಳುಗಿದವೆಂದೂ ನೀವು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ತಾಯಿಯನ್ನು ರಾಕ್ಷಸಿ ಮಾಡಿದ್ದಾರೆ ಎಂಬುದನ್ನು ಒಪ್ಪುವುದು ಕಷ್ಟ, ಏಕೆಂದರೆ ಈ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಕರುಣೆ ಹುಟ್ಟಿದ್ದು ಆ ತಾಯಿಯ ಮೇಲೆಯೇ.

ಮೊದಲಿನಿಂದ ನೋಡೋಣ. ಮಗಳ ಹಾಸಿಗೆಯಡಿ ಒಂದು ಪುಸ್ತಕ ಸಿಗುತ್ತದೆ. ಅದರಲ್ಲಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಚಿತ್ರಗಳು, ಹರೆಯದ ಹುಚ್ಚಿನಲ್ಲಿ ಮೇ ಬರೆದವು. ಮಿಂಗ್ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಆ ಅಂಗಡಿಗೆ ಹೋಗಿ, ಏನೂ ಅರಿಯದ ಆ ಹುಡುಗನ ಮುಂದೆ, ಸುತ್ತ ನೆರೆದವರೆಲ್ಲ ನೋಡುವಂತೆ, ಚಿತ್ರಗಳನ್ನು ಹರಡಿ ಅವನನ್ನು ಬೈಯುತ್ತಾಳೆ. ಗಮನಿಸಬೇಕಾದದ್ದು ಆಮೇಲಿನದು. ಆ ರಾತ್ರಿ ಮೇ ತಾಯಿಯ ಮೇಲೆ ಸಿಟ್ಟಾಗುವುದಿಲ್ಲ. ತನ್ನನ್ನೇ ಬೈದುಕೊಳ್ಳುತ್ತಾಳೆ, ಅಮ್ಮನ ಹೆಮ್ಮೆಯ ಮಗಳಾಗಿ ಹೀಗೆ ಮಾಡಿದೆಯಲ್ಲ ಎಂದು ತನಗೆ ತಾನೇ ಹೊಡೆದುಕೊಳ್ಳುತ್ತಾಳೆ. ಪಾಂಡಾ ಬರುವುದು ಮರುದಿನ ಬೆಳಿಗ್ಗೆ. ಹರೆಯ ಬಂತು, ಅದರ ಗುರುತಾಗಿ ಪಾಂಡಾ ಬಂತು ಎಂದು ಹಲವರು ಬರೆದದ್ದನ್ನು ಓದಿದ್ದೇನೆ. ಅದು ಅರ್ಧ ಮಾತ್ರ ಸರಿ. ಬಂದದ್ದು ತಾಯಿಗೆ ಹೇಳಲಾಗದೆ ನುಂಗಿಕೊಂಡ ಮಾತು. ಎದುರು ನಿಲ್ಲಲು ಕಲಿತ ಹುಡುಗಿಗೆ ಬಹುಶಃ ಪಾಂಡಾ ಅಷ್ಟು ದೊಡ್ಡದಾಗಿ ಬರುತ್ತಿರಲಿಲ್ಲ.

ಈ ಲೆಕ್ಕವನ್ನು ತಾಯಿಗೆ ಹಚ್ಚಿ ನೋಡಿ. ಮಿಂಗ್‌ಳ ಪಾಂಡಾ ಎಲ್ಲರಿಗಿಂತ ದೊಡ್ಡದು. ಏಕೆಂದರೆ ಅವಳು ಎಲ್ಲರಿಗಿಂತ ಹೆಚ್ಚು ನುಂಗಿಕೊಂಡವಳು. ತಾನು ಮೆಚ್ಚಿದ ಜಿನ್‌ನನ್ನು, ಅಂದರೆ ಮೇಯ ತಂದೆಯನ್ನು, ತಾಯಿ ಒಪ್ಪದಿದ್ದಾಗ ಒಮ್ಮೆ ಅವಳ ಪಾಂಡಾ ಹೊರಬಂದು ಗುಡಿಯ ಅರ್ಧವನ್ನು ಕೆಡವಿತ್ತು. ಅಜ್ಜಿ ವೂ ಅವರ ಹುಬ್ಬಿನ ಮೇಲಿನ ಗಾಯದ ಗುರುತು ಅಂದಿನದು. ಮಗಳೇ ಮಾಡಿದ ಗಾಯವನ್ನು ಮುಖದ ಮೇಲೆ ಹೊತ್ತುಕೊಂಡ ತಾಯಿ, ಆ ಗಾಯವನ್ನು ಎದುರಾದಾಗಲೆಲ್ಲ ನೋಡಬೇಕಾದ ಮಗಳು; ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಕೊಂಡಿಲ್ಲ. ದೂರವಾಣಿಯಲ್ಲಿ ತನ್ನ ತಾಯಿಯ ದನಿ ಕೇಳಿದರೆ ಸಾಕು, ಮಗಳನ್ನು ಗದರಿಸುತ್ತಿದ್ದ ಮಿಂಗ್ ಬೆನ್ನು ನೇರಮಾಡಿಕೊಂಡು ಸಣ್ಣ ಹುಡುಗಿಯಾಗಿಬಿಡುತ್ತಾಳೆ. ಮೇ ಮೇಲೆ ಅವಳು ಹೇರುತ್ತಿರುವುದು ತನ್ನ ಆಸೆಗಳನ್ನಲ್ಲ, ತನ್ನ ಅಂಜಿಕೆಯನ್ನು: ಮಗಳ ಕೈಯಿಂದಲೂ ಅಂಥದ್ದೇ ಒಂದು ಗಾಯವಾದೀತು ಎಂಬ ಅಂಜಿಕೆಯನ್ನು.

ಆದ್ದರಿಂದಲೇ ಕಥೆ ಬಿಡಿಸಿಕೊಳ್ಳುವುದು ಹೊಡೆದಾಟದಲ್ಲಲ್ಲ. ಅಜ್ಜಿಯೂ ಬಂಧು ಹೆಂಗಸರೂ ತಾವು ವರ್ಷಗಟ್ಟಲೆ ಜೋಪಾನ ಮಾಡಿದ ತಾಯತಗಳನ್ನು ಒಡೆದು, ತಂತಮ್ಮ ಪಾಂಡಾಗಳಾಗಿ, ಪ್ರಜ್ಞೆತಪ್ಪಿದ ಮಿಂಗ್‌ಳನ್ನು ವಿಧಿಯ ವೃತ್ತದೊಳಗೆ ಎಳೆದು ತರುತ್ತಾರೆ. ಆಮೇಲೆ ವಿಧಿಯಲ್ಲಿ ತೆರೆದುಕೊಳ್ಳುವ, ಬಿದಿರು ಕಾಡಿನಂಥ ಆಚೆಯ ಲೋಕದಲ್ಲಿ ಮೇಗೆ ಒಬ್ಬ ಹುಡುಗಿ ಅಳುತ್ತಾ ಕೂತಿರುವುದು ಕಾಣುತ್ತದೆ. ಅವಳ ವಯಸ್ಸು ಮೇಗಿಂತ ಸ್ವಲ್ಪ ಹೆಚ್ಚಿರಬಹುದು ಅಷ್ಟೆ. ಅಮ್ಮನಿಗೆ ನೋವು ಮಾಡಿದೆ, ಎಷ್ಟು ಮಾಡಿದರೂ ಅವಳಿಗೆ ನಾನು ಸಾಲದವಳು ಎಂದು ಬಿಕ್ಕುತ್ತಿರುವ ಆ ಹುಡುಗಿಯೇ ಮಿಂಗ್. ಮೇ ಅವಳ ಕೈಹಿಡಿದು ನಡೆಸಿಕೊಂಡು ಹೋಗುತ್ತಾಳೆ. ನಡೆಯುತ್ತ ನಡೆಯುತ್ತ ಆ ಹುಡುಗಿ ಬೆಳೆದು ಅಮ್ಮನಾಗುತ್ತಾಳೆ. ತಾಯಿಯೂ ಒಂದು ಕಾಲಕ್ಕೆ ಮಗಳಾಗಿದ್ದವಳೆಂದು ಕಂಡುಕೊಂಡ ಮೇಲೆಯೇ ಮೇ ತನ್ನ ಪಾಂಡಾವನ್ನು ಇಟ್ಟುಕೊಳ್ಳುವ ನಿರ್ಧಾರವನ್ನು ತಾಯಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವುದು. ಇದನ್ನು ನೀವು ಎದುರು ನಿಲ್ಲುವುದು ಎಂದರೆ, ಹೌದು, ಚಿತ್ರ ಅದನ್ನು ಕಲಿಸುತ್ತದೆ. ಆದರೆ ಅಜ್ಜಿಯೂ ಹೆಂಗಸರೂ ಮಿಂಗ್‌ಳೂ ತಮ್ಮ ಪಾಂಡಾಗಳನ್ನು ಮತ್ತೆ ಬಂಧಿಸಿಕೊಂಡೇ ಬರುತ್ತಾರೆ, ಅದನ್ನು ಚಿತ್ರ ತಪ್ಪೆನ್ನುವುದಿಲ್ಲ ಎಂಬುದನ್ನೂ ಮರೆಯಬಾರದು.

ಪ್ರಶ್ನೆ: ಈ ಚಿತ್ರಕ್ಕೆ ಆಸ್ಕರ್ ಬಂತೇ?

ಉತ್ತರ: ಇಲ್ಲ. 2023ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ವಿಭಾಗದಲ್ಲಿ ನಾಮನಿರ್ದೇಶನವಾಗಿತ್ತು. ನಿರ್ದೇಶಕಿ ಡೋಮಿ ಶೀ ಅವರಿಗೆ ಅದಕ್ಕೂ ಮೊದಲು, 2019ರಲ್ಲಿ, ‘ಬಾವ್’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಬಂದಿದೆ. ಮಗ ದೂರವಾಗುವ ಸಂಕಟವನ್ನು ತಾಯಿಯ ಕಡೆಯಿಂದ ಹೇಳುವ ಕಥೆ ಅದು. ಎರಡನ್ನೂ ಬೆನ್ನಿಗೆ ಬೆನ್ನು ನೋಡಿದರೆ ಇನ್ನೂ ಚೆನ್ನ.

ಪ್ರಶ್ನೆ: ಇದೇ ಕಥೆಯನ್ನು ನಿಜವಾದ ನಟನಟಿಯರಿಂದ ಮಾಡಿಸಿದ್ದರೆ ಹೆಚ್ಚು ಗಂಭೀರವಾಗುತ್ತಿರಲಿಲ್ಲವೇ? ಮತ್ತೆ, 2002ನೇ ಇಸವಿಯೇ ಏಕೆ?

ಉತ್ತರ: ಗಂಭೀರವಾಗುತ್ತಿತ್ತು, ಸಪ್ಪೆಯೂ ಆಗುತ್ತಿತ್ತು. ಹದಿಮೂರರ ವಯಸ್ಸಿನಲ್ಲಿ ಯಾವುದೂ ಅದರ ಅಳತೆಯಲ್ಲಿ ಕಾಣುವುದಿಲ್ಲ. ಅವಮಾನವೆಂದರೆ ಪ್ರಳಯ, ಇಷ್ಟವೆಂದರೆ ಪ್ರಾಣ. ಜಪಾನಿನ ಅನಿಮೆ ಚಿತ್ರಗಳಿಂದ ಕಲಿತ ಅತಿರೇಕಗಳನ್ನು, ಅಂದರೆ ಕಣ್ಣು ಒಮ್ಮೆಲೇ ನಕ್ಷತ್ರದಂತೆ ಹಿಗ್ಗುವುದು, ಮುಖ ಒಂದೇ ಗೆರೆಗೆ ಇಳಿಯುವುದು ಇಂಥವನ್ನು, ಇಲ್ಲಿ ಧಾರಾಳವಾಗಿ ಬಳಸಿರುವುದು ಆ ಅಳತೆಗೇಡಿತನವನ್ನು ಹಿಡಿಯಲು. ಇಸವಿಯ ವಿಷಯಕ್ಕೆ ಬಂದರೆ, ಚೀನಾದ ಚಾಂಗ್‌ಚಿಂಗ್‌ನಲ್ಲಿ ಹುಟ್ಟಿದ ಶೀ ಎರಡು ವರ್ಷದ ಮಗುವಾಗಿದ್ದಾಗ ಕೆನಡಾಕ್ಕೆ ಬಂದು, ಟೊರಾಂಟೊದಲ್ಲಿ ಬೆಳೆದವರು. ಅದು ಅವರು ಕಂಡ ಕಾಲ. ಹಾಡುಗಾರ ಹುಡುಗರ ತಂಡಗಳ ಕಾಲ, ಹುಡುಗಿಯರು ಕೈಯಲ್ಲಿ ತಮಗೋಚಿ ಎಂಬ ಪುಟ್ಟ ಆಟಿಕೆ ಹಿಡಿದು ಅದರೊಳಗಿನ ಮರಿಯನ್ನು ಸಾಕುತ್ತಿದ್ದ ಕಾಲ. ಚಿತ್ರದ ತಂಡ ‘ಫೋರ್ ಟೌನ್’ ಕಲ್ಪಿತವಾದರೂ ಅದರ ಹಾಡುಗಳನ್ನು ಬರೆದವರು ಬಿಲ್ಲಿ ಐಲಿಷ್ ಮತ್ತು ಅವರ ಅಣ್ಣ ಫಿನಿಯಸ್. ಅಣಕವೋ ಅಕ್ಕರೆಯೋ ಹೇಳಲಾಗದಂತೆ ಬರೆದಿದ್ದಾರೆ.

ಪ್ರಶ್ನೆ: ಹೆಂಗಸರ ಈ ಕಥೆಯಲ್ಲಿ ತಂದೆಗೆ ಕೆಲಸವೇನು? ಅಡುಗೆ ಮಾಡುವುದಷ್ಟೇ?

ಉತ್ತರ: ಮೇಲುನೋಟಕ್ಕೆ ಅಷ್ಟೇ, ಪಾತ್ರವನ್ನು ಇನ್ನೂ ಸ್ವಲ್ಪ ತುಂಬಬಹುದಿತ್ತು ಎಂಬ ನಿಮ್ಮ ಅಸಮಾಧಾನ ನನ್ನದೂ ಹೌದು. ಆದರೆ ಜಿನ್‌ಗೆ ಸಿಕ್ಕಿರುವ ಒಂದು ದೃಶ್ಯ ಬಹಳ ತೂಕದ್ದು. ಮೇ ಪಾಂಡಾ ರೂಪದಲ್ಲಿ ಗೆಳತಿಯರ ಜೊತೆ ಕುಣಿದು ನಕ್ಕಿದ್ದ ವಿಡಿಯೊ ದೃಶ್ಯಗಳು ಅವನ ಕಣ್ಣಿಗೆ ಬೀಳುತ್ತವೆ. ಅಳಿಸಿಬಿಡಬೇಕೆಂದಿದ್ದೆ ಎನ್ನುತ್ತಾಳೆ ಮಗಳು. ಅವನು ಗದರಿಸುವುದೂ ಇಲ್ಲ, ರಮಿಸುವುದೂ ಇಲ್ಲ. ಎಲ್ಲರಲ್ಲಿಯೂ ಒಪ್ಪವಲ್ಲದ ಒಂದು ಮಗ್ಗುಲು ಇರುತ್ತದೆ, ಅದನ್ನು ಹೊರದೂಡುವುದಲ್ಲ, ಅದಕ್ಕೂ ಒಳಗೆ ಜಾಗ ಮಾಡಿಕೊಳ್ಳುವುದು ಎಂಬರ್ಥದ ಎರಡು ಮಾತು ಹೇಳಿ, ಅದನ್ನು ನೋಡಿ ನನಗೆ ನಗು ಬಂತು ಎನ್ನುತ್ತಾನೆ. ಮಿಂಗ್‌ಳ ಹರೆಯದ ಪಾಂಡಾವನ್ನು ಪ್ರೀತಿಸಿ ಬಂದವನಿಗೆ ಮಾತ್ರ ಹೊಳೆಯುವ ಮಾತು ಅದು. ಹೆಸರುಗಳೆಲ್ಲ ಉರುಳಿ ಮುಗಿಯುವವರೆಗೆ ಏಳದೆ ಕೂತಿದ್ದರೆ ಅವನನ್ನು ಇನ್ನೊಮ್ಮೆ ನೋಡಬಹುದು: ಮನೆಯವರಿಗೆ ಕಾಣದಂತೆ ನೆಲಮಾಳಿಗೆಯಲ್ಲಿ, ಮಗಳು ಹುಚ್ಚಾಗಿದ್ದ ಅದೇ ಹುಡುಗರ ಹಾಡು ಕೇಳುತ್ತಾ ಮೈಮರೆತಿರುತ್ತಾನೆ.